ಅಜ್ಜಿ ಫ್ಯಾನ್ ಆರಿಸಿದ ದಿನಗಳು

ನಿಲ್ಲುವ ಮುನ್ನ ಸೀಲಿಂಗ್ ಫ್ಯಾನು ಟಕ್... ಟಕ್... ಎಂದು ನಿಧಾನವಾಗುತ್ತದಲ್ಲ, ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಕತ್ತಿನ ಹಿಂದೆ ಬೆವರೊಡೆಯುತ್ತದೆ. ಅದರ ಬೆನ್ನಿಗೇ ಸಿಂಗಪುರದ ಕ್ಲೆಮೆಂಟಿಯ ನಮ್ಮ ಹಳೆಯ ಫ್ಲ್ಯಾಟು, ಅಲ್ಲಿನ ವಿಭೂತಿಯ, ಸುಟ್ಟ ರೊಟ್ಟಿಯ ವಾಸನೆ, ಟಿವಿಯ ಮುಂದೆ ನೆಲದ ಮೇಲೆ ಕಾಲು ಚಾಚಿ ಕುಳಿತ ಅಜ್ಜಿ, ಎಲ್ಲವೂ ಬಂದುಬಿಡುತ್ತವೆ. ಅಜ್ಜಿ ಬಾಗಲಕೋಟೆ ಕಡೆಯವಳು. ಅಪ್ಪನ ಜೊತೆ ಸಿಂಗಪುರಕ್ಕೆ ಬಂದವಳು. ಅಪ್ಪನ ತಂಗಿ ಗಿರಿಜತ್ತೆಯೂ ನಮ್ಮ ಮನೆಯಲ್ಲೇ ಇದ್ದು, ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿ, ಆಮೇಲೊಂದು ದಿನ ನರ್ಸ್ ಕೆಲಸಕ್ಕೆಂದು ಕೆನಡಾಕ್ಕೆ ಹೊರಟುಹೋದಳು. ಆ ದೇಶ ಎಷ್ಟು ದೊಡ್ಡದೆಂದು ನಾವು ಎಷ್ಟು ಹೇಳಿದರೂ ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವ ಮೂಲೆಯಲ್ಲಿ ಹಿಮ ಬಿದ್ದರೂ ಅವಳ ಪಾಲಿಗೆ ಅದು ಗಿರಿಜತ್ತೆಯ ಹೆಗಲ ಮೇಲೇ ಬೀಳುತ್ತಿತ್ತು. ಟಿವಿಯಲ್ಲಿ ಬೆಳ್ಳಗಾದ ರಸ್ತೆ ಕಂಡ ಕೂಡಲೇ ಎದ್ದು ಹೋಗಿ ಫ್ಯಾನ್ ಆರಿಸುತ್ತಿದ್ದಳು.

“ಯವ್ವಾ, ಇಲ್ಲಿ ನಾವು ಬೆವತ್ರ ಅಲ್ಲಿ ಹಿಮ ಕರಗತೈತೇನು?” ಎಂದು ಅಪ್ಪ ರೇಗುತ್ತಿದ್ದ.

“ಕರಗಲಿ ಅಂತ ಯಾರಂದ್ರು? ಅಕಿ ಥಂಡ್ಯಾಗ ನಡುಗುವಾಗ ನಾ ಗಾಳಿ ತಗೊಂಡು ಕೂಡ್ಲೇನು?”

“ಅಜ್ಜಿ, ತುಂಬ ಹಾಟ್ ಲಾ, ಪ್ಲೀಸ್ ಆನ್ ಮಾಡು” ಎಂದು ನಾನು ಗೋಗರೆದರೆ, “ಕೆಳಗ ಕಂಬದ ನಡುವಿನ ವಾಯ್ಡ್ ಡೆಕ್‌ನಾಗ ಬೇಕಾದಷ್ಟು ಗಾಳಿ ಐತಿ, ಹೋಗು” ಎಂದು ಓಡಿಸುತ್ತಿದ್ದಳು.

ಒಂದು ವರ್ಷ ಕೆನಡಾ ದೇಶಕ್ಕೆ ದೇಶವೇ ಬಿರುಗಾಳಿಯ ಕೈಗೆ ಸಿಕ್ಕಿತು. ಒಂದು ಕಡೆ ಮಳೆ, ಒಂದು ಕಡೆ ಮಂಜುಗಡ್ಡೆ, ಉಳಿದಲ್ಲೆಲ್ಲ ಹಿಮ; ಮಂಜುಗಡ್ಡೆಯ ಭಾರಕ್ಕೆ ಕರೆಂಟಿನ ಕಂಬಗಳೇ ಬಾಗಿ ಬಿದ್ದಿದ್ದವು. ಅತ್ತೆಯ ಫೋನು ಹತ್ತಲಿಲ್ಲ. ಮರುದಿನವೂ ಹತ್ತಲಿಲ್ಲ. ಅಜ್ಜಿ ಫ್ಯಾನ್ ಆರಿಸಿಯೇ ಇಟ್ಟಳು; ಈ ಸಲ ಅಪ್ಪ ರೇಗಲಿಲ್ಲ. ಸಂಜೆಯ ಮಳೆ ನಿಂತು ನೆಲದಿಂದ ಹಬೆ ಏಳುವ ಹೊತ್ತಿಗೆ, ಪಕ್ಕದ ಮನೆಯ ಚೀನೀ ಆಂಟಿ ಕಾಗದದ ಬೀಸಣಿಗೆ ಬೀಸಿಕೊಳ್ಳುತ್ತ ಒಳಗೆ ಬಂದರು. “ಐಯೋ, ಸೋ ಹಾಟ್! ಫ್ಯಾನ್ ಸ್ಪಾಯಿಲ್ ಆ?” ಅಮ್ಮ ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಆಂಟಿ ಒಮ್ಮೆ ಟಿವಿ ನೋಡಿದರು, ಒಮ್ಮೆ ಅಜ್ಜಿಯನ್ನು. ಆಮೇಲೆ ಬೀಸಣಿಗೆಯನ್ನು ಮಡಚಿ ಪಕ್ಕಕ್ಕಿಟ್ಟು, ಅಜ್ಜಿಯ ಮಗ್ಗುಲಲ್ಲಿ ನೆಲದ ಮೇಲೇ ಕುಳಿತರು. ಒಬ್ಬರ ಮಾತು ಒಬ್ಬರಿಗೆ ಬಾರದ ಆ ಇಬ್ಬರು ಹೆಂಗಸರು ಸುಮ್ಮನೆ ಬೆವರುತ್ತ, ಹಿಮ ನೋಡುತ್ತ ಕುಳಿತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಕೊನೆಗೆ ಅತ್ತೆಯ ಫೋನು ಬಂತು. ಅಜ್ಜಿ ಮೊದಲಿಗೇ “ಉಂಡ್ಯಾ?” ಎಂದಳು. ಓಣಿಯವರೆಲ್ಲ ಕಟ್ಟಿಗೆ ಒಲೆ ಇದ್ದವರ ಮನೆಯಲ್ಲಿ ಸೇರಿದ್ದರಂತೆ. ಅತ್ತೆ ಅಲ್ಲಿ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿ ಎಲ್ಲರಿಗೂ ಬಡಿಸಿದಳಂತೆ. “ಹಿಂಗ ತುಂಡು ತುಂಡು ಹೇಳಬ್ಯಾಡ, ಮೊದಲಿಂದ ಹೇಳು” ಎಂದು ಅಜ್ಜಿ ರಿಸೀವರನ್ನು ಕಿವಿಗೆ ಒತ್ತಿಕೊಂಡು ಗೋಡೆಗೊರಗಿದಳು.

ಮುಂದಿನ ಮಳೆಗಾಲಕ್ಕೆ ಅಜ್ಜಿ ಇರಲಿಲ್ಲ. ನಮ್ಮ ಫ್ಲ್ಯಾಟಿದ್ದ ಆ ಬ್ಲಾಕನ್ನೂ ಈಗ ಕೆಡವಿದ್ದಾರೆ. ನಾವು ಬಿಶಾನ್ ಬಡಾವಣೆಗೆ ಶಿಫ್ಟ್ ಆದೆವು, ಆಂಟಿ ಎಲ್ಲಿಗೆ ಹೋದರೋ ತಿಳಿಯದು. ಅಜ್ಜಿ ತೀರಿಕೊಂಡ ವರ್ಷದ ಚಳಿಗಾಲದಲ್ಲೂ ಕೆನಡಾದಲ್ಲಿ ಬಿರುಗಾಳಿ ಬಂತು. ಕರೆಂಟು ಬಂದ ತಕ್ಷಣ ಅತ್ತೆ ಫೋನು ಮಾಡಿದಳು. ಅಪ್ಪ ಎತ್ತಿಕೊಂಡ. “ಅಣ್ಣಾ, ನಾ ಆರಾಮ ಅದೀನಿ, ಅವ್ವಗ ಫೋನ್ ಕೊ...” ಎಂದವಳ ದನಿ ಅಲ್ಲಿಗೇ ನಿಂತುಹೋದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಪ್ಪ ಮೆಲ್ಲಗೆ ಗೋಡೆಗೊರಗಿ ಕುಳಿತು, “ಹೇಳವಾ, ನಾ ಕೇಳ್ತೀನಿ” ಎಂದ.

ಮೊದಲು ಮಳೆ ಬಂತು ಎಂದು ಅತ್ತೆ ಶುರುಮಾಡಿದಳು.