ಕುರ್ಚಿಯಲ್ಲಿ ಕೂತು ಬಂದ ಡಾಕ್ಟರಮ್ಮ

ಆ ಫೋಟೋದಲ್ಲಿ ಆಕೆಯ ಬೂಟುಗಳು ನೆಲಕ್ಕೆ ತಾಗಿರಲಿಲ್ಲ. ಬೂಟಿನ ಅಡಿಗೂ ಒಣಹುಲ್ಲಿಗೂ ನಡುವೆ ಒಂದು ಗೇಣಿನಷ್ಟು ಜಾಗವಿತ್ತು. ಮೊಣಕಾಲವರೆಗೆ ನೀಲಿ ಕಂಬಳಿ ಹೊದ್ದು ಕುರ್ಚಿಯಲ್ಲಿ ಒರಗಿದ್ದ ಆಕೆಯನ್ನು ನಾಲ್ವರು ಗಂಡಸರು ಹೊತ್ತು ತರುತ್ತಿದ್ದರು. ಆಕೆ ನಗುತ್ತಿದ್ದಳು.

ಆಗೆಲ್ಲ ಕಮಲಾಪುರದ ನಮ್ಮ ಓಣಿಗೆ ಬರುತ್ತಿದ್ದುದು ಒಂದೇ ಪೇಪರು, ಅದೂ ಮೂಲೆಯ ಕ್ಷೌರದಂಗಡಿಗೆ. ಸಂಜೆ ಅಂಗಡಿ ಮುಚ್ಚುವಾಗ ಅದು ನನ್ನ ಕೈಗೆ ಸಿಗುತ್ತಿತ್ತು, ಸೋಪಿನ ವಾಸನೆಯ ಜೊತೆಗೆ. ಆರನೇ ತರಗತಿಯಲ್ಲಿದ್ದೆ. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ನಾನು ಕಟ್ಟೆಯ ಮೇಲೆ ಕೂತು ಆಕೆಯ ಸುದ್ದಿ ಹುಡುಕುತ್ತಿದ್ದೆ. ಸಿಕ್ಕಿದ್ದನ್ನು ಕತ್ತರಿಸಿ ಗಂಜಿ ಹಚ್ಚಿ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸುತ್ತಿದ್ದೆ.

ದೂರದ ದೇಶವೊಂದರ ಸೈನ್ಯದಲ್ಲಿ ವೈದ್ಯೆಯಾಗಿದ್ದವಳು ಆಕೆ. ಯುದ್ಧ ನಡೆಯುವ ಕಡೆ ಸ್ಟ್ರೆಚರಿನ ಒಂದು ತುದಿ ತಾನೇ ಹಿಡಿದು ಓಡಿದವಳು, ಡೇರೆಯೊಳಗೆ ನಿಂತು ಗಾಯಗಳಿಗೆ ಹೊಲಿಗೆ ಹಾಕಿದವಳು. ಆಮೇಲೆ ಗಗನಯಾತ್ರಿಯಾದಳು. ಭೂಮಿಯನ್ನು ಸುತ್ತುವ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದು, ತನ್ನ ರಕ್ತವನ್ನು ತಾನೇ ತೆಗೆದುಕೊಂಡು, ಭಾರವಿಲ್ಲದ ಜಾಗದಲ್ಲಿ ಮನುಷ್ಯರ ಎಲುಬು ಹೇಗೆ ಸವೆಯುತ್ತದೆ ಎಂಬುದನ್ನು ತನ್ನ ಮೈಯಲ್ಲೇ ನೋಡುತ್ತಿದ್ದಳು. ಆಕೆಯ ಹೆಸರಿಗೆ ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಅಜ್ಜಿ ಇಟ್ಟ ಹೆಸರೇ ಉಳಿಯಿತು: ಮಿಲಿಟ್ರಿ ಡಾಕ್ಟರಮ್ಮ.

ಆ ಚಳಿಗಾಲದಲ್ಲಿ ಅಜ್ಜಿ ಮಂಚದ ಮೇಲಿದ್ದಳು. ಗಾಳಿ ಈ ಕಡೆ ಬೀಸಿದರೆ ಆಲೆಮನೆಯ ಬೆಲ್ಲದ ವಾಸನೆ, ಬೀಸದಿದ್ದರೆ ಅವಳ ಕಾಲಿಗೆ ಹಚ್ಚಿದ ಮುಲಾಮಿನ ವಾಸನೆ. ಮದುವೆಯಾಗಿ ಬಂದಂದಿನಿಂದ ತೋಟದಿಂದ ರಸ್ತೆಗೆ ಸುಗಂಧಿ ಬಾಳೆಗೊನೆಗಳನ್ನು ತಲೆಯ ಮೇಲೆ ಹೊತ್ತವಳು, ಕಾಲುವೆಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಹೊಸಪೇಟೆಯ ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದ್ದರು.

ಕೆಟ್ಟದ್ದು ನಡೆದದ್ದು ಮನೆಗೆ ಬಂದ ದಿನ. ನಮ್ಮ ಓಣಿಯೊಳಗೆ ವಾಹನ ನುಗ್ಗುತ್ತಿರಲಿಲ್ಲ. ಅಪ್ಪ ಮತ್ತು ಓಣಿಯ ಮೂವರು ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ ರಸ್ತೆಯಿಂದ ಹೊತ್ತು ತಂದರು. ಬಿಸಿಲು ಬೀಳದಿರಲೆಂದು ಮುಖದ ಮೇಲೆ ದುಪ್ಪಟಿ ಎಳೆದಿದ್ದರು. ಎದುರುಮನೆಯ ಹುಲಿಗೆಮ್ಮ ನೋಡಿದ್ದು ಅಷ್ಟೇ: ಆಸ್ಪತ್ರೆಯಿಂದ ಬಂದ ಮಂಚ, ನಾಲ್ಕು ಹೆಗಲು, ಮುಚ್ಚಿದ ಮುಖ. ಮಂಚ ದಾಟಿದ ಕೂಡಲೇ, ಹೆಣ ಹೋದ ಮೇಲೆ ಮಾಡುವಂತೆ, ಒಂದು ಕೊಡ ನೀರನ್ನು ಬಾಗಿಲ ಮುಂದೆ ಸುರಿದು ಹಾಡಿ ಅಳಲು ಶುರುಮಾಡಿದಳು.

"ನನ್ನ ಬಿಟ್ಟು ಹೋದ್ಯೇನ ಯಕ್ಕಾ..."

ದುಪ್ಪಟಿಯೊಳಗಿಂದ ಅಜ್ಜಿಯ ದನಿ ಬಂತು. "ಎಲ್ಲಿಗೂ ಹೋಗಿಲ್ಲ. ಬಾಯಿ ಮುಚ್ಚು."

ಓಣಿಗೆ ಓಣಿಯೇ ನಕ್ಕಿತು. ಅಜ್ಜಿ ನಗಲಿಲ್ಲ. ಹೊಲಿಗೆ ಮಾಗಿದ ಮೇಲೆ ನಿಲ್ಲುವ, ನಡೆಯುವ ಅಭ್ಯಾಸಕ್ಕೆ ಆಸ್ಪತ್ರೆಗೆ ಕರೆತರಬೇಕು, ತಡವಾದರೆ ಇವರು ಮತ್ತೆ ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ದಿನ ಬಂತು. ಅಜ್ಜಿ ಒಪ್ಪಲಿಲ್ಲ.

"ಇನ್ನ ನನ್ನ ಹೊರೋದು ಒಂದ ಸಲ," ಎಂದಳು. "ಅವತ್ತು ನಾನು ಬ್ಯಾಡ ಅನ್ನಂಗಿಲ್ಲ, ಬಿಡು."

"ಯವ್ವಾ, ಹಿಂಗ ಮಲಗಿದ್ರ ಕಾಲು ಕಟ್ಟಿಗಿ ಆಗತೈತಿ," ಎಂದು ಅಪ್ಪ ಕೈ ಮುಗಿದ.

"ಆಗಲಿ. ಒಲಿಗೆ ಹಾಕ್ರಿ."

ಮಾತಿನಲ್ಲಿ ಅವಳನ್ನು ಗೆಲ್ಲುವವರಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಅವ್ವ ಹಾಸಿಗೆಗೇ ಮಲದ ಪಾತ್ರೆ ತಂದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅದನ್ನು ನೋಡಬಾರದೆಂದು ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಡಾಕ್ಟರಮ್ಮ ಭೂಮಿಗಿಳಿದ ಫೋಟೋ ಬಂದದ್ದು ಆ ವಾರ. ಕತ್ತರಿಸುವ ಮೊದಲೇ ಅಜ್ಜಿ ಕೇಳಿದಳು, "ಏನ ಅದು, ಅಷ್ಟು ಹೊತ್ತಿಂದ ನೋಡಾಕತ್ತೀ?"

ತೋರಿಸಿದೆ. "ಅದೇ ಡಾಕ್ಟರಮ್ಮ, ಅಜ್ಜಿ. ಆಕಾಶದಿಂದ ಇಳಿದಾಳ."

"ಬಿದ್ದಳೇನು?"

"ಇಲ್ಲ. ಅಲ್ಲಿ ಮೈಗೆ ಭಾರ ಇರಂಗಿಲ್ಲ. ಕಾಲಿಗೆ ನಿಲ್ಲೋದು ಮರ್ತಿರತೈತಿ. ಮತ್ತ ಕಲೀಬೇಕು."

"ಡಾಕ್ಟರಕಿ ಅಂತೀ, ಮಿಲಿಟ್ರಿ ಅಂತೀ. ಹಲ್ಲು ಕಚ್ಚಿ ನಾಕು ಹೆಜ್ಜಿ ನಡೀಬಾರದಾಗಿತ್ತೇನು?"

"ಡಾಕ್ಟರಕಿ ಅಂತನ ಆಕಿಗೆ ಗೊತ್ತು, ಈಗ ನಡೆದ್ರ ಬೀಳ್ತೀನಿ ಅಂತ."

ಅಜ್ಜಿ ಪೇಪರನ್ನು ಮೂಗಿನ ಹತ್ತಿರ ತಂದು ಹಿಡಿದಳು. ಹೊತ್ತವರ ಮೇಲೆ ಒಬ್ಬೊಬ್ಬರಂತೆ ಬೆರಳಾಡಿಸಿದಳು.

"ಮಂದಿನೆಲ್ಲ ಹೊತ್ತಾಕಿ ಅಂದಿದ್ದೆಲ್ಲ ನೀನು?"

"ಹೌದು."

"ಮುಖ ಮುಚ್ಚಿಲ್ಲ," ಎಂದಳು ತನಗೇ ಹೇಳಿಕೊಂಡಂತೆ. "ನಗತಾಳ ನೋಡು. ಮದಲಗಿತ್ತಿ ಮೆರವಣಿಗಿ ಹೊಂಟಂಗ."

ಮರುದಿನ ಅಪ್ಪನನ್ನು ಕರೆದಳು. "ಮಾರುತಿ, ಆ ಪ್ಲಾಸ್ಟಿಕ್ ಕುರ್ಚಿ ತಗೊಂಡ್ ಬಾ. ಮಂಚ ಮುಟ್ಟಬ್ಯಾಡ. ನನ್ನ ಮ್ಯಾಲೆ ದುಪ್ಪಟಿ ಹಾಕಿದ್ರ ನೋಡು ಮತ್ತ!"

ಕುರ್ಚಿಯ ಕೈಗಳ ಕೆಳಗೆ ಎರಡು ಬಿದಿರು ಕಟ್ಟಿದರು. ಅಜ್ಜಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹಸಿರು ಇಳಕಲ್ ಸೀರೆಯುಟ್ಟು, ಅಪ್ಪ ಅವ್ವ ಎತ್ತಿ ಕೂರಿಸಿದ ಮೇಲೆ ನೆಟ್ಟಗೆ ಕೂತಳು. ಮೊದಲು ಅಪ್ಪನ ಜೊತೆ ಹೊತ್ತ ಅದೇ ಮೂವರು ಯಾರೂ ಕರೆಯದೆಯೇ ಬಂದಿದ್ದರು. ಹುಲಿಗೆಮ್ಮ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟಳು.

"ಎಲ್ಲಿಗಕ್ಕಾ, ಉತ್ಸವಮೂರ್ತಿ ಆಗಿ?"

"ಆಕಾಶದಿಂದ ಇಳಿದೀನಿ ಲೇ. ನಿನ್ನ ಕೊಡ ಒಳಗಿಟ್ಕ."

ಈ ಸಲ ಓಣಿಯ ಜೊತೆ ಅಜ್ಜಿಯೂ ನಕ್ಕಳು. ಹೊತ್ತವರ ಹೆಗಲು ಕುಲುಕಿ ಕುರ್ಚಿ ವಾಲಿತು. "ಜೋಪಾನಲೇ," ಎಂದು ಬೈದಳು.

ಆಸ್ಪತ್ರೆಯಲ್ಲಿ ಎರಡು ಕಂಬಿಗಳ ನಡುವೆ ನಿಲ್ಲಿಸಿದಾಗ ನೋವಿಗೆ ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಸಂಜೆಯಾದರೆ ಒಂದೇ ಪ್ರಶ್ನೆ, "ಡಾಕ್ಟರಮ್ಮಂದೇನು ಸುದ್ದಿ?" ಆಕೆ ಕಂಬಿ ಹಿಡಿದು ನಡಿಗೆ ಕಲಿಯುತ್ತಿದ್ದಾಳೆ ಎಂಬ ಎರಡು ಸಾಲು ಒಮ್ಮೆ ಬಂದಿತ್ತು. ಓದಿ ಹೇಳಿದೆ. "ಹಂಗಾದ್ರ ಆಕಿ ನನಗಿಂತ ಭಾಳ ಮುಂದ ಏನಿಲ್ಲ," ಎಂದು ಅಜ್ಜಿ ಸಮಾಧಾನಪಟ್ಟುಕೊಂಡಳು.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರ ಓದಿದೆ. ಆಕೆಯಂಥವರು ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿಕೊಂಡದ್ದರಿಂದ ವಯಸ್ಸಾದವರ ಎಲುಬಿನ ಬಗ್ಗೆ ವೈದ್ಯರು ಕಲಿಯುವಂತಾಯಿತು ಎಂಬುದು ಅಲ್ಲಿ ಗೊತ್ತಾಯಿತು. ಧೈರ್ಯವೆಂದರೆ ಮೇಲೆ ಹೋಗುವುದು ಎಂದುಕೊಂಡಿದ್ದೆ. ಈಗ ನನಗೆ ಆಕೆ ಆ ಕುರ್ಚಿಯಲ್ಲಿ ಕ್ಯಾಮೆರಾಗಳೆದುರು ನಿರಾಳವಾಗಿ ಕೂತದ್ದೇ ದೊಡ್ಡದೆನಿಸುತ್ತದೆ. ಕಳೆದ ವರ್ಷ ಆಕೆ ತೀರಿಕೊಂಡ ಸುದ್ದಿಯನ್ನು ಮೊಬೈಲಿನಲ್ಲಿ ಓದಿದೆ. ಯಾರಿಗೂ ಹೇಳಲಿಲ್ಲ, ಹೇಳಬೇಕಾದವಳು ಅದಕ್ಕೂ ಮೊದಲೇ ಹೋಗಿದ್ದಳು. ಕ್ಷೌರದಂಗಡಿಗೆ ಈಗ ಪೇಪರು ಬರುವುದಿಲ್ಲ. ಓಣಿಯ ಕಟ್ಟೆಗಳನ್ನು ಒಡೆದು ಸಿಮೆಂಟು ಹಾಕಿದ್ದಾರೆ, ಆಂಬುಲೆನ್ಸು ಬಾಗಿಲಿಗೇ ಬರುತ್ತದೆ. ಒಳ್ಳೆಯದೇ. ಆದರೆ ಕರೆಯದೆಯೇ ಬರುವ ನಾಲ್ವರು ನನಗೆ ಯಾರಿದ್ದಾರೆ ಎಂದು ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಕೂತು ಲೆಕ್ಕ ಹಾಕಿದರೆ, ಎರಡನೆಯ ಹೆಸರಿಗೇ ತಡವರಿಸುತ್ತೇನೆ.

ಆ ಸುದ್ದಿ ಓದಿದಾಗ ನೆನಪಾದದ್ದು ವಾಕರ್ ನಮ್ಮ ಮನೆಗೆ ಬಂದ ಮರುದಿನದ ಬೆಳಿಗ್ಗೆ. ಅವ್ವ ಎಂದಿನಂತೆ ಪಾತ್ರೆ ತಂದಳು. ಅಜ್ಜಿ ಅದನ್ನು ಕೈಯಿಂದ ಆಚೆ ಸರಿಸಿ, ವಾಕರ್ ಹಿಡಿದು ಎದ್ದು ನಿಂತಳು. ಪಡಸಾಲೆ ದಾಟಿ ಬಚ್ಚಲುಮನೆ ಮುಟ್ಟುವಷ್ಟರಲ್ಲಿ ಅವಳ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಹಿಂದೆಯೇ ಹೋದ ಅವ್ವನನ್ನು ಹೊಸ್ತಿಲಲ್ಲಿ ತಡೆದಳು.

"ನೀ ಹೋಗವ್ವ. ರೊಟ್ಟಿ ಬಡಿ, ಹೋಗು."

ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಹಾಕಿಕೊಂಡಳು.