ಮೀನು ಹರವುತ್ತಾ ಮರೆವಿನ ಪಾಠ

ಸೂರ್ಯ ಇನ್ನೂ ಸರೋವರದ ಆಚೆ ದಡ ಬಿಟ್ಟು ಮೇಲೆದ್ದಿಲ್ಲ. ಆಫ್ರಿಕಾದ ಮಲಾವಿ ಸರೋವರದ ಈಚೆ ದಡದ ಚಿಪಂಗಾ ಎಂಬ ಊರಿನಲ್ಲಿ ಆಗಲೇ ದೋಣಿಗಳು ಬಂದಿವೆ. ಬುಟ್ಟಿಗಟ್ಟಲೆ ಉಸಿಪಾ, ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ಜೊಂಡಿನ ಅಟ್ಟಗಳ ಮೇಲೆ ಒಣಗಲು ಹರಡಿಕೊಳ್ಳುತ್ತಿದೆ. ಹರವುವ ಹೆಂಗಸರ ನಡುವೆ ಲೆಸ್ಟೀನಾ ಕಲಿಂಡೆಯವರ ಕೈಯೂ ಚುರುಕಾಗಿ ಓಡುತ್ತಿದೆ. ಇದರಲ್ಲಿ ಒಂದು ಮೀನೂ ಅವರದಲ್ಲ.

"ಈ ವಾರ ಯಾರ ಮನೇಲಿ ಚಹಾಕ್ಕೆ ಉಪ್ಪು ಬಿತ್ತು?" ತಲೆ ಎತ್ತದೆ ಕೇಳುತ್ತಾರೆ.

ಹೆಂಗಸರು ನಗುತ್ತಾರೆ. ತಿಯಾಮಿಕೆ ಎಂಬ ಎಳೆಯ ತಾಯಿ, "ನಮ್ಮವ್ವ ಹಾಕಿದ್ಲು ಕಣಕ್ಕ. ಕೇಳಿದ್ರೆ ನೀನೇ ಹಾಕಿದ್ದು ಅಂತ ಜಗಳ" ಅನ್ನುತ್ತಾಳೆ.

"ಬರೀ ಉಪ್ಪೋ, ಇನ್ನೇನಾದ್ರೂ ಇದೆಯೋ?"

ತಿಯಾಮಿಕೆಯ ಕೈ ನಿಧಾನವಾಗುತ್ತದೆ. "ನನ್ನ ಹೆಸರು ಮರ್ತಿದ್ದಾಳೆ. ನನ್ನನ್ನ ಅವಳ ತಂಗಿ ಅಂದ್ಕೊಂಡು ಬೈತಾಳೆ."

"ತಂಗಿ ಅಂದ್ರೆ ತಂಗಿ ಆಗ್ಬಿಡು ಮಾರಾಯ್ತಿ. ಮಗಳಿಗಿಂತ ತಂಗಿಗೆ ಕೆಲಸ ಕಮ್ಮಿ."

ಮತ್ತೆ ನಗು. ಆ ನಗು ಅಡಗುವ ಮೊದಲೇ ಲೆಸ್ಟೀನಾ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತಾರೆ: "ಮಂಡಿ ಸವೆಯಲ್ವಾ, ಹಂಗೇ ಕೆಲವರಿಗೆ ತಲೆಯೊಳಗೂ ಕಾಯಿಲೆ ಬಂದು ಸವೆಯುತ್ತೆ. ಮೊದಲು ಹೋಗೋದು ನಿನ್ನೆ ಮೊನ್ನೆಯ ನೆನಪು. ಹಳೇದು ಬಹಳ ದಿನ ಉಳಿಯುತ್ತೆ. ಗುರುವಾರ ಅವ್ವನ್ನ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಬಾ, ನಾನೂ ಅಲ್ಲಿರ್ತೀನಿ. ಬೇರೆ ಕಾಯಿಲೆಯಿಂದ ಆಗಿದ್ರೆ ಮದ್ದಿರುತ್ತೆ. ಇದೇ ಕಾಯಿಲೆ ಆದ್ರೆ ಹೆಂಗೆ ನೋಡ್ಕೋಬೇಕು ಅಂತ ಹೇಳ್ತೀನಿ. ಅಲ್ಲಿ ತನಕ ಜಗಳ ಬೇಡ."

ಲೆಸ್ಟೀನಾಗೆ ಈಗ ಐವತ್ತೆಂಟು. ವಾರದಲ್ಲಿ ಮೂರು ಬೆಳಗು ಹೀಗೆ ಹೊರಡುತ್ತಾರೆ. ಏಳು ದಡಗಳು, ಸೈಕಲ್ಲಿನಲ್ಲಿ ಹನ್ನೆರಡು ಕಿಲೋಮೀಟರು. ಉಳಿದ ದಿನ ತಮ್ಮದೇ ಮೀನು ಒಣಗಿಸುತ್ತಾರೆ. ಈ ಕೆಲಸಕ್ಕೆ ಸಂಬಳವಿಲ್ಲ, ಬಿಲ್ಲೆಯಿಲ್ಲ. ಶಾಲೆ ಮಕ್ಕಳ ನೋಟ್‌ಪುಸ್ತಕವೊಂದಿದೆ. ಅದರಲ್ಲಿ ಮರೆವು ಹಿಡಿದ ನಲವತ್ತಮೂರು ಹಿರಿಯರ ಹೆಸರುಗಳಿವೆ. ಸಭೆ ಕರೆದು ಭಾಷಣ ಮಾಡುವುದನ್ನು ಅವರು ಎಂದೋ ಬಿಟ್ಟಿದ್ದಾರೆ. "ಸಭೆಗೆ ಗಂಡಸರು ಬಂದು ತೂಕಡಿಸ್ತಾರೆ. ಮೀನು ಹರವೋವಾಗ ಯಾರೂ ಎದ್ದು ಹೋಗೋ ಹಾಗಿಲ್ಲ" ಎನ್ನುತ್ತಾರೆ.

ಹೊಸ ದಡಕ್ಕೆ ಹೋದಾಗ ಅವರು ಮೊದಲು ಹೇಳುವುದು ಕಾಯಿಲೆಯ ಮಾತಲ್ಲ, ತಮ್ಮ ತಪ್ಪಿನ ಮಾತು. ಹನ್ನೊಂದು ವರ್ಷಗಳ ಹಿಂದೆ, ಅವರನ್ನು ಸಾಕಿ ಬೆಳೆಸಿದ, ಎಲುಬಿ ಎಂಬ ಹೆಸರಿನ ದೊಡ್ಡಮ್ಮ ಒಂದು ಬೆಳಗ್ಗೆ ಮೈಮೇಲೆ ಬಟ್ಟೆಯಿಲ್ಲದೆ ನೆರೆಯವರ ಅಂಗಳದಲ್ಲಿ ಸಿಕ್ಕಿದಳು. ಮಾಟಗಾತಿಯರು ಬರಿ ಮೈಯಲ್ಲಿ ಮೊರದ ಮೇಲೆ ಕೂತು ಹಾರುತ್ತಾರೆ, ಬೆಳಕು ಹರಿದರೆ ಬೀಳುತ್ತಾರೆ ಎನ್ನುವುದು ಇಲ್ಲಿನವರ ನಂಬಿಕೆ. ಎಲುಬಿ ಮೊರದಿಂದ ಬಿದ್ದಳು ಎಂದು ಊರು ಹೇಳಿತು.

"ನಾನೂ ನಂಬಿದೆ" ಎನ್ನುತ್ತಾರೆ ಲೆಸ್ಟೀನಾ. "ನನ್ನ ಮಕ್ಕಳನ್ನ ಅವಳ ಹತ್ರ ಬಿಡ್ಲಿಲ್ಲ. ಊರಾಚೆ ಗುಡಿಸಲಿಗೆ ಅವಳ ಚಾಪೆ ಹೊತ್ಕೊಂಡು ಹೋಗಿ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಒಂಬತ್ತು ತಿಂಗಳು ಬಾಗಿಲಲ್ಲಿ ಊಟ ಇಟ್ಟು ಓಡಿ ಬರ್ತಿದ್ದೆ."

ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸ್ ಒಬ್ಬರು ಆ ಗುಡಿಸಲಿಗೆ ಇಣುಕಿ, ಮುದುಕಿಯೊಂದಿಗೆ ಅರ್ಧ ಗಂಟೆ ಮಾತಾಡಿ, ಇದು ಮೆದುಳಿನ ಕಾಯಿಲೆ ಎಂದರು. ಲೆಸ್ಟೀನಾ ಅಂದೇ ಚಾಪೆಯನ್ನು ಮನೆಗೆ ಹೊತ್ತು ತಂದರು. ಅಷ್ಟು ಹೊತ್ತಿಗೆ ಎಲುಬಿ ಅನ್ನ ಬಿಟ್ಟಿದ್ದಳು. ಐದು ತಿಂಗಳು ಬದುಕಿದಳು. "ಕೊನೆಗೆ ನಾನ್ಯಾರು ಅಂತ ಅವಳಿಗೆ ಗೊತ್ತಿರ್ಲಿಲ್ಲ. 'ನೀನು ಒಳ್ಳೆಯವಳು, ಯಾರ ಮನೆ ಮಗಳು' ಅಂತ ಕೇಳ್ತಿದ್ಲು. ಏನು ಹೇಳ್ಲಿ?"

ಕಳೆದ ಮಳೆಗಾಲದ ಕೊನೆಗೆ ಹಳ್ಳದಾಚೆಯ ಕೇರಿಯಲ್ಲಿ ನಡೆದದ್ದನ್ನು ಈ ದಡದವರು ಈಗಲೂ ಮಾತಾಡಿಕೊಳ್ಳುತ್ತಾರೆ. ಸೆಂಜಾನಿ ಎಂಬ ಮೀನುಗಾರನ ಕೂಸನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ಒಂದು ಮುಂಜಾನೆ ಅವನು ಬಾಗಿಲು ತೆರೆದರೆ ಮೇಲಿನ ಕೇರಿಯ ದೊಲಿಕಾ ಎಂಬ ಅಜ್ಜಿ ಬರಿ ಮೈಯಲ್ಲಿ ಅಂಗಳದಲ್ಲಿ ಕೂತು ಬೆರಳಿಂದ ನೆಲ ಕೆರೆಯುತ್ತಿದ್ದಳು. ಲೆಸ್ಟೀನಾರ ಸೈಕಲ್ಲು ಆ ದಾರಿಗೆ ಬರುವಾಗ ಜನ ಕಲ್ಲು ಹಿಡಿದು ನಿಂತಾಗಿತ್ತು. ಸೆಂಜಾನಿಯ ಕೈಯಲ್ಲಿ ದೋಣಿಯ ಹುಟ್ಟು.

ಲೆಸ್ಟೀನಾ ಸೊಂಟಕ್ಕೆ ಸುತ್ತಿದ್ದ ಮೇಲಿನ ಬಟ್ಟೆ ಬಿಚ್ಚಿ ಅಜ್ಜಿಗೆ ಹೊದಿಸಿ, ಪಕ್ಕದಲ್ಲೇ ನೆಲದ ಮೇಲೆ ಕೂತರು. ಈಗ ಕಲ್ಲು ಬಿದ್ದರೆ ಇಬ್ಬರ ಮೇಲೂ ಬೀಳುವಂತಿತ್ತು.

"ಏನು ಹುಡುಕ್ತಿದ್ದೀರಿ ಅಜ್ಜಿ?"

"ಒಲೆ. ಇಲ್ಲೇ ಮೂರು ಕಲ್ಲಿತ್ತು, ಯಾರೋ ತೆಗ್ದಿದ್ದಾರೆ. ಸ್ನಾನಕ್ಕೆ ಅಂತ ಎದ್ದೆ. ಮಕ್ಕಳು ಏಳೋ ಹೊತ್ತಾಯ್ತು, ಗಂಜಿ ಆಗಿಲ್ಲ."

ಲೆಸ್ಟೀನಾ ಗುಂಪಿನಲ್ಲಿದ್ದ ಹಣ್ಣುಹಣ್ಣು ಮುದುಕ ಲಫುವೆಲ್‌ನತ್ತ ನೋಡಿದರು. "ತಾತ, ಈ ಜಾಗದಲ್ಲಿ ಮೊದಲು ಯಾರ ಮನೆ ಇತ್ತು?"

ಅಜ್ಜಿ ಕೆರೆಯುತ್ತಿದ್ದ ನೆಲವನ್ನು ಮುದುಕ ಬಗ್ಗಿ ನೋಡಿದ. "ಇವಳದ್ದೇ" ಎಂದ. "ಸರೋವರ ಉಕ್ಕಿದ ವರ್ಷ ಬಿದ್ದೋಯ್ತು. ಆಮೇಲೆ ಮೇಲಿನ ಕೇರಿಗೆ ಹೋದ್ಲು. ಒಲೆ ಅಲ್ಲೇ ಇತ್ತು, ಅವಳು ಕೆರೀತಿರೋ ಜಾಗದಲ್ಲೇ."

"ಹಂಗಾದ್ರೆ ಅಜ್ಜಿ ಸೆಂಜಾನಿ ಮನೆಗೆ ಬಂದಿಲ್ಲ" ಎಂದರು ಲೆಸ್ಟೀನಾ. "ತಮ್ಮ ಮನೆಗೆ ಬಂದಿದ್ದಾರೆ."

"ಮತ್ತೆ ಕೂಸು ಸತ್ತಿದ್ದು?" ಗುಂಪಿನಿಂದ ಒಬ್ಬಳ ದನಿ.

"ಮಲೇರಿಯಾಕ್ಕೆ. ಸೆಂಜಾನಿಗೆ ಗೊತ್ತು, ಆಸ್ಪತ್ರೆಗೆ ಹೊತ್ಕೊಂಡು ಹೋದವನು ಅವನೇ. ಅವನ ಸಂಕಟಕ್ಕೆ ನನ್ನ ಹತ್ರ ಮಾತಿಲ್ಲ. ಆದ್ರೆ ಅದನ್ನ ಈ ಅಜ್ಜಿ ತಲೆಗೆ ಕಟ್ಟಬೇಡಿ."

ಸೆಂಜಾನಿ ಅಳತೊಡಗಿದ. ದೊಲಿಕಾ ಅಜ್ಜಿ ತಲೆ ಎತ್ತಿ ಅವನನ್ನು ನೋಡಿ, ತನ್ನದೇ ಮಗನಿಗೆ ಹೇಳುವಂತೆ, "ಅಳಬೇಡ ಕಣಪ್ಪ, ಈಗ ಆಗುತ್ತೆ ಗಂಜಿ" ಎಂದಳು. ಅವನು ಹುಟ್ಟು ಕೆಳಗಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತ. ಕಲ್ಲುಗಳು ಒಂದೊಂದಾಗಿ ಕೆಳಗಿಳಿದವು. ಕೆಲವರು ಗೊಣಗುತ್ತಲೇ ಹೋದರು.

ಅಜ್ಜಿ ಈಗಲೂ ಕೆಲವು ಬೆಳಗು ಆ ಅಂಗಳಕ್ಕೆ ಬರುತ್ತಾಳೆ. ಸೆಂಜಾನಿಯ ಹೆಂಡತಿ ಗಂಜಿ ಕೊಟ್ಟು, ಕೈ ಹಿಡಿದು ಮೇಲಿನ ಕೇರಿಗೆ ಬಿಟ್ಟು ಬರುತ್ತಾಳೆ.

ಎಲ್ಲ ಕಡೆ ಹೀಗೆ ಆಗುವುದಿಲ್ಲ. ಎರಡು ಊರಿನವರು ಲೆಸ್ಟೀನಾರನ್ನು ಒಳಗೆ ಬಿಡುವುದಿಲ್ಲ. 'ಮಾಟಗಾತಿಯರ ವಕೀಲೆ' ಎಂದು ಹೆಸರಿಟ್ಟಿದ್ದಾರೆ. "ವಕೀಲೆ ಅಂದ್ರೆ ಬೇಜಾರಿಲ್ಲ. ನಮ್ಮ ವಂಶದಲ್ಲಿ ಅಷ್ಟು ಓದಿದವರು ಯಾರೂ ಇರ್ಲಿಲ್ಲ" ಎಂದು ನಗುತ್ತಾರೆ. ಆದರೆ ನೋಟ್‌ಪುಸ್ತಕದ ಒಂದು ಹೆಸರಿನ ಮೇಲೆ ಬೆರಳಿಟ್ಟಾಗ ನಗು ಹೋಗುತ್ತದೆ. ಹೋದ ವರ್ಷ ಆ ಮುದುಕಿಯ ಊರಿಗೆ ಲೆಸ್ಟೀನಾ ತಲುಪುವಾಗ ಜನ ಅವಳ ಮನೆ ಸುಟ್ಟಾಗಿತ್ತು, ಅವಳು ಊರು ಬಿಟ್ಟಿದ್ದಳು. ಎಲ್ಲಿದ್ದಾಳೋ ಇಂದಿಗೂ ತಿಳಿದಿಲ್ಲ. ಆ ಹೆಸರನ್ನು ಅವರು ಹೊಡೆದು ಹಾಕಿಲ್ಲ.

ಬಿಸಿಲೇರಿದೆ. ಹರವಿದ ಮೀನನ್ನು ಮಗುಚುವ ಹೊತ್ತು. ಇಷ್ಟೆಲ್ಲ ಓಡಾಡಿ ನಿಮಗೇನು ಆಗಬೇಕು ಎಂದು ಕೇಳಿದರೆ ಲೆಸ್ಟೀನಾ ಮೊದಲು ಸೈಕಲ್ಲಿಗೆ ಹೊಸ ಟೈರು ಅನ್ನುತ್ತಾರೆ. ಆಮೇಲೆ ಒಂದು ಸಾಲು ಮೀನು ಮಗುಚಿ ಹೇಳುತ್ತಾರೆ:

"ಒಬ್ಬ ಮುದುಕಿ ದಾರಿ ತಪ್ಪಿ ಯಾರದೋ ಅಂಗಳಕ್ಕೆ ಬಂದ್ರೆ, ಜನ 'ಪಾಪ, ದಾರಿ ತಪ್ಪಿದ್ದಾಳೆ' ಅನ್ನಬೇಕು. ಅಷ್ಟು ಅಂದ್ರೆ ಸಾಕು."