ಒಳಗಿನಿಂದ ಹಾಕಿದ ಚಿಲಕ

ಹುಲಿಗೆಮ್ಮಾ, ಆ ಸಂಜೆ ನಿನ್ನೆದುರು ಒಳಗಿನಿಂದ ಚಿಲಕ ಹಾಕಿದವಳು ನಾನು. ನನ್ನ ಗಂಡನಲ್ಲ, ಅತ್ತೆಯೂ ಅಲ್ಲ — ನಾನೇ. ಅವತ್ತು ಆಶಾ ಕಾರ್ಯಕರ್ತೆಯರ ಮೀಟಿಂಗಿಗೆ ಸಿರುಗುಪ್ಪಕ್ಕೆ ಹೋಗಿದ್ದೆ, ಮನೆಯಲ್ಲಿರಲಿಲ್ಲ ಎಂದು ಆಮೇಲೆ ನಿನಗೆ ಹೇಳಿದೆನಲ್ಲ — ಅದು ಸುಳ್ಳು. ಪೊಲೀಸರಿಗೂ ಅದೇ ಸುಳ್ಳನ್ನೇ ಹೇಳಿದೆ.

ನಡೆದದ್ದು ನಿನಗೆ ಗೊತ್ತು. ಆದರೂ ನನ್ನ ಬಾಯಿಂದ ಒಮ್ಮೆ ಬರಲಿ. ನಮ್ಮೂರ ಹೋಟೆಲಿನಲ್ಲಿ ನಿಮ್ಮ ಕೇರಿಯವರಿಗೆ ಬೇರೆ ಲೋಟ. ಎಲ್ಲರ ಲೋಟದಲ್ಲೇ ನನಗೂ ಚಹಾ ಕೊಡಿ ಎಂದ ನಿನ್ನ ಗಂಡ. ಅಷ್ಟಕ್ಕೇ, ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬಡಿಗೆ ಹಿಡಿದು ಕೇರಿಗೆ ನುಗ್ಗಿದರು. ಕೇರಿ ದಾಟಿದರೆ ಮೊದಲ ಮನೆ ನಮ್ಮದು. ನಿನ್ನ ಎರಡೂ ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದವಳು ನಾನು — ನೀನು ಮತ್ತೆಲ್ಲಿಗೆ ಓಡುತ್ತೀ?

"ಶಾಂತಕ್ಕಾ, ಬಾಗಿಲಾ ತಗೀರಿ."

ಕಿಟಕಿಯ ಸಂದಿಯಿಂದ ನೋಡಿದೆ. ನಿನ್ನ ಹಿಂದೆಯೇ ಬಡಿಗೆ ಎತ್ತಿಕೊಂಡು ಬರುತ್ತಿದ್ದವನು ನನ್ನ ಮೈದುನ. ಬಾಗಿಲು ತೆಗೆದಿದ್ದರೆ — ಬೇಡ, ಆ ಲೆಕ್ಕ ಈಗ ಯಾಕೆ. ಚಿಲಕ ಎಳೆದೆ. ನಿನ್ನ ಮುಂಗೈ ಮುರಿದದ್ದು ನಮ್ಮ ಕಟ್ಟೆಯ ಮೇಲೆ. ಒಳಗೆ ನಿಂತು ಅದನ್ನು ಕೇಳಿಸಿಕೊಂಡೆ.

ನೀವು ಊರು ಬಿಟ್ಟು ಕುರುಗೋಡಿನ ನಿನ್ನ ತವರು ಸೇರಿದಿರಿ. ನೀನು ಮಾತು ಬಿಟ್ಟೆ, ನಿದ್ದೆ ಬಿಟ್ಟೆ ಎಂದು ಸುದ್ದಿ ಬಂತು. ಹೊಡೆತ ತಿಂದು ಬೆದರಿದವರ ಮನಸ್ಸಿಗೆ ಚಿಕಿತ್ಸೆ ಕೊಡುವ ಮೇಡಂ ಒಬ್ಬರು ಬಳ್ಳಾರಿಯ ಪಾರ್ವತಿನಗರದಲ್ಲಿದ್ದಾರೆ ಎಂದು ಹುಡುಕಿದವಳೂ ನಾನೇ. ಗುರುವಾರ ಗುರುವಾರ ಕುರುಗೋಡಿಗೆ ಬಂದು ನಿನ್ನನ್ನು ಬಳ್ಳಾರಿಗೆ ಕರೆದೊಯ್ದೆ. ಜಾತಿ ಬೇರೆಯಾದರೂ ಒಡಹುಟ್ಟಿದವಳಿಗಿಂತ ಹೆಚ್ಚು ಎಂದು ನಿನ್ನವ್ವ ಎಲ್ಲರೆದುರು ನನ್ನನ್ನು ಹೊಗಳಿದಳು. ಹೊಗಳಿಸಿಕೊಂಡೆ — ಥೂ, ನನ್ನ ಜನ್ಮಕ್ಕೆ!

ನಮ್ಮ ಕಡೆ ಪೇಷಂಟು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದವರು ಎಲ್ಲ ಹೇಳಿಬಿಡುತ್ತಾರೆ. ಮೊದಲ ದಿನ ಮೇಡಂ, ಏನು ಕೇಳಿಸಿದರೆ ಹೆಚ್ಚು ಭಯವಾಗುತ್ತದೆ ಎಂದು ನಿನ್ನನ್ನು ಕೇಳಿದರು. ನೀನು ತಲೆ ತಗ್ಗಿಸಿ ಕೂತಿದ್ದೆ. ನಾನು ಬಾಯಿ ಹಾಕಿದೆ.

"ಗದ್ದಲ ರೀ ಮೇಡಂ. ಗಂಡಸ್ರು ಕೂಗಾಡಿದ್ರ ನಡಗತಾಳ."

ಅವರು ನಂಬಿದರು. ಯಾವುದಕ್ಕೆ ಹೆದರಿಕೆಯೋ ಅದನ್ನೇ ಸ್ವಲ್ಪಸ್ವಲ್ಪ ಎದುರಿಸುತ್ತ ಹೋಗುವುದು ಅವರ ಪದ್ಧತಿ. ಮೊಬೈಲಿನಲ್ಲಿ ಗದ್ದಲ ಕೇಳಿಸಿದರು. ಆಮೇಲೆ ಕೌಲ್ ಬಜಾರಿನ ಆಟೊ, ಸುತ್ತಿಗೆ, ಕೂಗಾಟಗಳ ನಡುವೆ ನಿನ್ನನ್ನು ನಡೆಸಿದರು. ನೀನು ಸುಮ್ಮನೆ ನಡೆದೆ, ಮೇಡಂಗೆ ಸಂತೋಷ. ಆದರೆ ನಿನ್ನವ್ವ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದಳು. ಮನೆಯ ಬಾಗಿಲು ಹಾಕಲು ಹೋದರೆ ನೀನು ಕಿರುಚುತ್ತೀಯಂತೆ, ಹಾಗಾಗಿ ಬಾಗಿಲು ತೆರೆದಿಟ್ಟು ಹೊಸ್ತಿಲಿಗೆ ಅಡ್ಡ ತಾನೇ ಮಲಗುತ್ತಾಳಂತೆ. ಮೇಡಂಗೆ ಹೇಳವ್ವಾ ಎಂದಳು. ಹೂಂ ಎಂದೆ. ಹೇಳಲಿಲ್ಲ. ಇಲ್ಲದ ಭಯಕ್ಕೆ ತಿಂಗಳುಗಟ್ಟಲೆ ಮದ್ದು ಮಾಡಿಸಿದೆ, ಇದ್ದ ಭಯವನ್ನು ನಿನ್ನೊಳಗೇ ಬಿಟ್ಟೆ — ನನ್ನ ಬಾಗಿಲಿನ ಮಾತು ಬರಬಾರದೆಂದು.

ಕಳೆದ ಗುರುವಾರ ನೀನಾಗಿಯೇ ಬಾಯಿ ತೆರೆದೆ. ಯಾರೂ ಏನೂ ಕೇಳಿರಲಿಲ್ಲ.

"ಗದ್ದಲ ಅಲ್ರೀ ಮೇಡಂ. ಚಿಲಕಾ ಹಾಕಿದ ಸಪ್ಪಳ. ಅದರ ಜೋಡಿ ಬಳಿ ಸಪ್ಪಳ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ — ಬಳೆ ತೊಟ್ಟ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅಯ್ಯೋ ದೇವರೇ, ಬಡಿಗೆ, ಬೈಗುಳ, ಬೆನ್ನ ಹಿಂದೆ ಸಾವು — ಅದೆಲ್ಲದರ ನಡುವೆ ನೀನು ನನ್ನ ಬಳೆಯ ಸದ್ದು ಕೇಳಿದ್ದೆ! ಯಾರ ಮನೆಯ ಬಾಗಿಲು ಎಂದು ಮೇಡಂ ಕೇಳಿದರು. ನೀನು ನನ್ನ ಸೆರಗನ್ನೇ ನೋಡುತ್ತ, ನೆನಪಿಲ್ಲ ಎಂದೆ. ಆಗಲಾದರೂ ನಾನು — ಪಕ್ಕದ ಕುರ್ಚಿಯಲ್ಲೇ ಇದ್ದೆನಲ್ಲ — ಒಂದು ಮಾತು... ಇಲ್ಲ, ಆಡಲಿಲ್ಲ.

ಬಸ್ಸಿನಲ್ಲಿ ನೀನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಕುರುಗೋಡಿನಲ್ಲಿ ಇಳಿಯುವಾಗ ಮಾತ್ರ ನನ್ನ ಕಡೆ ತಿರುಗಿದೆ.

"ಮುಂದಿನ ವಾರ ನಾ ಒಬ್ಬಾಕಿನ ಹೋಗ್ತೀನಕ್ಕ. ನೀವು ಬರಬ್ಯಾಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಆಗಲೂ ನನ್ನನ್ನು ಅಕ್ಕ ಎಂದೇ ಕರೆದೆ. ಮುಂದಿನ ದಾರಿ ಹೇಗೆ ಸರಿಯಿತೋ ಗೊತ್ತಾಗಲಿಲ್ಲ.

ಸೋಮವಾರ ಒಬ್ಬಳೇ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಕುರುಗೋಡಿಗೆ ಹೋಗಿ ನಿನ್ನ ಕಾಲು ಹಿಡಿಯುತ್ತೇನೆ ಎಂದೆ. ಬೇಡ ಎಂದರು. ಅದರಿಂದ ನನ್ನ ಎದೆ ಹಗುರಾಗಬಹುದು, ನಿನ್ನದಲ್ಲ. ನನ್ನನ್ನು ನೋಡಬೇಕೋ ಬೇಡವೋ ಎಂಬುದು ನಿನಗೆ ಬಿಟ್ಟದ್ದು ಎಂದರು. ಸರಿಯೇ. ಕ್ಷಮೆ ಕೇಳುತ್ತ ಇನ್ನೊಮ್ಮೆ ನಿನ್ನ ಬಾಗಿಲಿಗೆ ಬರುವುದಿಲ್ಲ.

ನಾಳೆ ಠಾಣೆಗೆ ಹೋಗುತ್ತೇನೆ. ನಮ್ಮ ಕಟ್ಟೆಯ ಮೇಲೆ ನಿನ್ನ ಕೈ ಮುರಿದವನು ಯಾರು ಎಂದು ಹೆಸರಿಟ್ಟು ಹೇಳುತ್ತೇನೆ. ಹೇಳಿದರೆ ಈ ಮನೆಗೆ ಮರಳಿ ಬರಬೇಡ ಎಂದಿದ್ದಾನೆ ನನ್ನ ಗಂಡ. ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ. ಅಲ್ಲಿ ಮೊದಲು ಹೇಳಬೇಕಾದ ಮಾತನ್ನು ನಿನಗೇ ಮೊದಲು ಹೇಳುತ್ತಿದ್ದೇನೆ: ಆ ಸಂಜೆ ನಾನು ಮನೆಯಲ್ಲೇ ಇದ್ದೆ, ಹುಲಿಗೆಮ್ಮಾ.